ಮುಳ್ಳಿಲ್ಲದ ಮೀನು

ಹೊರದೇಶಕ್ಕೆ ಹೊರಟ ಸಸ್ಯಾಹಾರಿಯ ಮೊದಲ ಚಿಂತೆ ವೀಸಾ ಅಲ್ಲ, ಊಟ. ಅವನು ಪಾಸ್‌ಪೋರ್ಟು ಮರೆತಾನು, ಅವಲಕ್ಕಿ ಮರೆಯಲಾರ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಒಣಗಿಸಿದಂತೆ ಬೇಯಿಸಿದ ಚಪಾತಿಯ ಕಟ್ಟು ಇವೆಲ್ಲ ಪೆಟ್ಟಿಗೆಯಲ್ಲಿ ತಮ್ಮ ತಮ್ಮ ಜಾಗ ಹಿಡಿದ ಮೇಲೆ ಉಳಿದ ಸಂದಿಯಲ್ಲಿ ಬಟ್ಟೆ. ಪ್ರವಾಸ ಕಂಪನಿಯವರಿಗೆ ನಮ್ಮ ಈ ದೌರ್ಬಲ್ಯ ಚೆನ್ನಾಗಿ ಗೊತ್ತು. ನೋಡುವ ಸ್ಥಳಗಳ ಪಟ್ಟಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ, ‘ಅಡುಗೆಯವರು ಜೊತೆಗಿರುತ್ತಾರೆ’ ಎಂದು ಅಚ್ಚು ಹಾಕಿಸುತ್ತಾರೆ. ಹಾಗೆ ಹೋದವರು ಐಫೆಲ್ ಗೋಪುರದ ಕೆಳಗೆ ಉಪ್ಪಿಟ್ಟು ತಿಂದು ಬರುತ್ತಾರೆ. ಇದನ್ನು ನಗೆಯಾಡಲು ಹೇಳುತ್ತಿಲ್ಲ. ನಾನೂ ತಲೆಮಾರುಗಳಿಂದ ಸೊಪ್ಪು ಬೇಳೆ ತಿಂದುಕೊಂಡು ಬಂದ ಮನೆಯವನೇ. ಪರದೇಶದ ತಟ್ಟೆಯ ಮುಂದೆ ಕೂತಾಗ ಹೊಟ್ಟೆಯಲ್ಲಿ ಆಗುವ ಸಣ್ಣ ತಳಮಳ ಹಸಿವಿನದೋ ಭಯದ್ದೋ ಎಂದು ಗೊತ್ತಾಗದ ಸ್ಥಿತಿಯನ್ನು ಬಲ್ಲೆ.

ವಿಯೆಟ್ನಾಮಿನಲ್ಲಿ ಈ ಭಯಕ್ಕೆ ಕಾರಣವೂ ಇದೆ. ಆ ನಾಡಿನ ಅಡುಗೆಯ ಜೀವಾಳ ನುವೊಕ್ ಮಾಮ್ ಎಂಬ ಮೀನಿನ ರಸ. ಬೆರಳುದ್ದದ ಮೀನುಗಳನ್ನು ಉಪ್ಪಿನೊಡನೆ ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ, ತಿಂಗಳುಗಟ್ಟಲೆ ಹುದುಗಲು ಬಿಟ್ಟು, ಕೆಳಗಿಳಿದ ಕೆಂಪು ತಿಳಿಯನ್ನು ಹಿಡಿದಿಡುತ್ತಾರೆ. ನಾವು ಒಗ್ಗರಣೆಗೆ ಇಂಗು ಹಾಕುವಷ್ಟೇ ಸಹಜವಾಗಿ ಅವರು ಅದನ್ನು ಎಲ್ಲದಕ್ಕೂ ಹಾಕುತ್ತಾರೆ. ಆದ್ದರಿಂದ ‘ತರಕಾರಿ ಮಾತ್ರ’ ಎಂದು ಕೈಸನ್ನೆ ಮಾಡಿ ಹೇಳಿದರೆ ತರಕಾರಿಯೇನೋ ಬರುತ್ತದೆ, ಮೀನಿನ ರಸದಲ್ಲಿ ಮಿಂದು ಬರುತ್ತದೆ. ಅವರ ಪಾಲಿಗೆ ಅದು ಮೀನಲ್ಲ, ಉಪ್ಪು.

ಇದರಿಂದ ಪಾರಾಗಲು ಅಲ್ಲಿ ಒಂದೇ ಒಂದು ಮಾತು ಕಲಿತರೆ ಸಾಕು: ಚಾಯ್. ನಮ್ಮ ರೈಲು ನಿಲ್ದಾಣದ ಚಾಯ್ ಅಲ್ಲ, ಉಚ್ಚಾರ ಮಾತ್ರ ಹೆಚ್ಚುಕಡಿಮೆ ಅದೇ. ಅಂಗಡಿಯ ಹಲಗೆಯ ಮೇಲೆ ಈ ಪದ ಕಂಡರೆ ಒಳಗೆ ಮಾಂಸವಿಲ್ಲ, ಮೀನಿಲ್ಲ, ಮೀನಿನ ರಸವೂ ಇಲ್ಲ, ಸೋಯಾ ರಸ ಇರುತ್ತದೆ. ಆದರೆ ಈ ಪದಕ್ಕೆ ಮೂಲದಲ್ಲಿ ತರಕಾರಿ ಎಂಬ ಅರ್ಥವಿಲ್ಲ. ಚೀನೀ ಭಾಷೆಯಿಂದ ಬಂದ ಪದ ಅದು. ವ್ರತ, ಉಪವಾಸ, ಪೂಜೆಗೆ ಮುಂಚಿನ ಶುದ್ಧಿ ಎಂದು ಅದರ ಅರ್ಥ. ಅಲ್ಲಿನ ಬೌದ್ಧರಲ್ಲಿ ಬಹಳ ಮಂದಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಚಾಯ್ ಇರುತ್ತಾರೆ. ಉಳಿದ ದಿನದ ಊಟಕ್ಕೆ ‘ಮನ್’ ಎನ್ನುತ್ತಾರೆ, ಅಂದರೆ ಉಪ್ಪಾದದ್ದು. ಯೋಚಿಸಿ ನೋಡಿ: ನಮ್ಮಲ್ಲಿ ಸಸ್ಯಾಹಾರಿ ಎಂಬುದು ಮನುಷ್ಯನ ಜಾತಿಯನ್ನು ಹೇಳುವ ಮಾತು, ಅಲ್ಲಿ ಚಾಯ್ ಎಂಬುದು ದಿನದ ಹೆಸರು.

ನಾವು ನಾಲ್ವರು ಹೋಗಿದ್ದೆವು. ನಾನು, ನಮ್ಮಾಕೆ, ಒಂದೇ ಕಾಲೇಜಿನಲ್ಲಿ ನನ್ನೊಡನೆ ಮೂವತ್ತು ವರ್ಷ ಪಾಠ ಹೇಳಿದ ಭೌತಶಾಸ್ತ್ರದ ಗೆಳೆಯ ಮತ್ತು ಅವನ ಹೆಂಡತಿ. ಗೆಳೆಯ ತುಮಕೂರು ಸೀಮೆಯವನು, ಬಾಡೂಟದ ಮನೆಯವನು. ಬೆಳಗಿನ ಆರು ಗಂಟೆಗೇ ಬೀದಿಯ ಕುಳ್ಳು ಸ್ಟೂಲಿನ ಮೇಲೆ ಕೂತು, ನಮ್ಮ ಒತ್ತುಶ್ಯಾವಿಗೆಯ ದೂರದ ನೆಂಟನಾದ ಫೋ ಎಂಬ ಅಕ್ಕಿಯ ಎಳೆಗಳನ್ನು ಕೋಳಿಯ ಬಿಸಿ ಸಾರಿನಲ್ಲಿ ಮುಳುಗಿಸಿ ತಿಂದು, ಬೆವರೊರೆಸಿಕೊಂಡು ಹೊಟೆಲಿಗೆ ಬರುತ್ತಿದ್ದ. ನಾವಿಬ್ಬರು ಆಗಿನ್ನೂ ಅವಲಕ್ಕಿ ನೆನೆಹಾಕುತ್ತಿದ್ದೆವು.

ಹುವೆ ಪಟ್ಟಣಕ್ಕೆ ಬಂದ ದಿನ ಹುಣ್ಣಿಮೆ. ಅದನ್ನು ಕಂಡುಹಿಡಿದವಳು ನಮ್ಮಾಕೆ. ಅವಳ ಕೈಚೀಲದಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇಲ್ಲದೆ ಯಾವ ದೇಶವೂ ಇಲ್ಲ. ಹುವೆ ೧೮೦೨ರಿಂದ ೧೯೪೫ರ ತನಕ ನುಯೆನ್ ಅರಸರ ರಾಜಧಾನಿಯಾಗಿದ್ದ ಊರು. ನಡುವೆ ಅಗಲವಾಗಿ, ಅವಸರವಿಲ್ಲದೆ ಹರಿಯುವ ಸುಗಂಧ ನದಿ, ದಂಡೆಯಲ್ಲಿ ಕೋಟೆ, ಸುತ್ತ ಲೆಕ್ಕವಿಲ್ಲದಷ್ಟು ಬೌದ್ಧ ದೇಗುಲಗಳು. ಬೆಳಿಗ್ಗೆ ಥಿಯೆನ್ ಮು ದೇಗುಲಕ್ಕೆ ಹೋಗಿದ್ದೆವು. ಅಲ್ಲಿ ಒಂದು ಹಳೆಯ ಆಸ್ಟಿನ್ ಕಾರನ್ನು ಇಟ್ಟಿದ್ದಾರೆ. ೧೯೬೩ರ ಜೂನ್ ೧೧ರಂದು ಥಿಕ್ ಕ್ವಾಂಗ್ ಡುಕ್ ಎಂಬ ಭಿಕ್ಷು, ಬೌದ್ಧರ ಮೇಲೆ ಸರ್ಕಾರ ನಡೆಸಿದ ದಬ್ಬಾಳಿಕೆಯನ್ನು ಪ್ರತಿಭಟಿಸಿ, ಸೈಗಾನಿನ ನಡುಬೀದಿಯಲ್ಲಿ ಪದ್ಮಾಸನ ಹಾಕಿ ಕೂತು ತನ್ನ ದೇಹಕ್ಕೆ ಬೆಂಕಿ ಕೊಟ್ಟುಕೊಂಡನಲ್ಲ, ಆ ಜಾಗಕ್ಕೆ ಅವನನ್ನು ಕರೆತಂದ ಕಾರು ಅದು. ಇರುವೆಯನ್ನೂ ನೋಯಿಸಬಾರದೆಂಬ ಧರ್ಮದ ಸಂನ್ಯಾಸಿ ತನ್ನ ಮೈಯನ್ನೇ ಸುಟ್ಟುಕೊಂಡದ್ದು ಹಿಂಸೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಗೆಳೆಯ ಕೇಳಿದ. ಆ ಕಾರಿನ ಮುಂದೆ ನಿಂತು ಉತ್ತರ ಹೇಳುವ ಧೈರ್ಯ ಬರಲಿಲ್ಲ. ಯಾರೂ ಹೆಚ್ಚು ಮಾತಾಡದೆ ಪೇಟೆಗೆ ವಾಪಸಾದೆವು.

ಮಧ್ಯಾಹ್ನ ಚಾಯ್ ಎಂಬ ಹಲಗೆ ಕಂಡ ಕಡೆ ನುಗ್ಗಿದರೆ ಅಲ್ಲಿ ಜಾತ್ರೆ. ರಿಕ್ಷಾ ತುಳಿಯುವವರು, ಶಾಲೆಯ ಮಕ್ಕಳು, ಕಚೇರಿಯ ಬಿಳಿ ಅಂಗಿಯವರು, ಬೂದು ನಿಲುವಂಗಿಯ ಇಬ್ಬರು ಭಿಕ್ಷುಣಿಯರು, ಎಲ್ಲರೂ ಒಂದೇ ಉದ್ದ ಮೇಜಿಗೆ ಮೊಣಕೈ ತಗುಲಿಸಿಕೊಂಡು ಉಣ್ಣುತ್ತಿದ್ದರು. ಗೋಡೆಯ ಮೇಲೆ ಅವಲೋಕಿತೇಶ್ವರ, ಅವರಲ್ಲಿ ತಾಯಿಯ ರೂಪ. ಬೆಲೆಗಳನ್ನು ನೋಡಿ ಮೊದಲು ಗಾಬರಿಯಾಯಿತು. ಎಲ್ಲವೂ ಸಾವಿರಗಳಲ್ಲಿ. ಒಂದು ಲಕ್ಷ ಡಾಂಗ್ ಎಂದರೆ ನಮ್ಮ ನಾನೂರು ರೂಪಾಯಿಯೂ ಅಲ್ಲ ಎಂದು ಭೌತಶಾಸ್ತ್ರ ಲೆಕ್ಕ ಹಾಕಿದ ಮೇಲೆ ಸಮಾಧಾನ.

ಮೊದಲು ಬಂದದ್ದು ಎಳೆ ಹಲಸಿನಕಾಯಿ. ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಹುರಿದ ಕಡಲೆಕಾಯಿ, ಎಳ್ಳು, ಸೊಪ್ಪು ಹಾಕಿ ಕಲಸಿದ್ದರು. ಅದನ್ನು ಅಕ್ಕಿ ಹಪ್ಪಳದ ಚೂರಿನಲ್ಲಿ ಮೊಗೆದು ತಿನ್ನಬೇಕು. ನಮ್ಮಾಕೆಯ ತವರು ಮಲೆನಾಡು. ಒಂದು ತುತ್ತು ಬಾಯಿಗಿಟ್ಟು ‘ಗುಜ್ಜೆ!’ ಎಂದಳು, ಊರಿನ ನೆಂಟರು ಸಿಕ್ಕಂತೆ. ಆಮೇಲೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹಬೆಯಲ್ಲಿ ಬೇಯಿಸಿದ ಬಾನ್ ಬೆವ್, ಅಕ್ಕಿಹಿಟ್ಟಿನದು, ಇಡ್ಲಿಗೆ ತಮ್ಮನಂಥದು, ಮೇಲೆ ಹೆಸರುಬೇಳೆಯ ಪುಡಿ. ಮಜ್ಜಿಗೆ ಹುಲ್ಲು, ಹಸಿಮೆಣಸಿನಕಾಯಿ ಹಾಕಿ ಹುರಿದ ಬಿಳಿಯ ತುಂಡುಗಳು. ದಿನಗಟ್ಟಲೆ ಅವಲಕ್ಕಿ ತಿಂದ ಬಾಯಿಗೆ ಇದೆಲ್ಲ ಹಬ್ಬ. ಕೊನೆಗೆ ಮಣ್ಣಿನ ಕುಡಿಕೆ ಬಂತು. ಮುಚ್ಚಳ ತೆಗೆದರೆ ಒಳಗೆ ಮೀನು.

ಇಡೀ ಮೀನು. ಕಪ್ಪು ಹಸಿರು ಚರ್ಮ, ಬಾಲ, ಕಣ್ಣಿನ ಜಾಗದಲ್ಲಿ ಒಂದು ಮೆಣಸಿನ ಕಾಳು. ಸುಟ್ಟ ಸಕ್ಕರೆಯ ಕೆಂಪು ರಸದಲ್ಲಿ ಮಲಗಿತ್ತು. ನಮ್ಮಾಕೆ ತಟ್ಟೆಯನ್ನು ದೂರ ಸರಿಸಿ ಎದ್ದೇ ನಿಂತಳು.

ಅಂಗಡಿಯ ಯಜಮಾನಿ ಓಡಿ ಬಂದರು. ನಮ್ಮ ಇಂಗ್ಲಿಷು ಅವರಿಗೆ ತಿಳಿಯದು, ಅವರ ಮಾತು ನಮಗೆ. ಅಲ್ಲಿದ್ದ ಹುಡುಗನ ಮೊಬೈಲು ಎರಡೂ ಕಡೆಯ ದುಭಾಷಿಯಾಯಿತು. ಅದು ಮೀನಲ್ಲ. ಸೋಯಾ ಹಾಲನ್ನು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯನ್ನು ಹಾಳೆಹಾಳೆಯಾಗಿ ತೆಗೆದು, ಮಡಿಸಿ, ಒತ್ತಿ ಕಟ್ಟಿದ್ದು. ಮೇಲಿನ ಚರ್ಮ ಕಡಲಪಾಚಿ. ಹಾಗೆಯೇ ನಾವು ಆಗಲೇ ತಿಂದು ಮುಗಿಸಿದ್ದ ಬಿಳಿಯ ತುಂಡುಗಳ ಹೆಸರು ‘ಕೋಳಿ’ ಎಂದೂ ತಿಳಿಯಿತು. ಎಲ್ಲ ಸರಿ, ಮೀನಿನ ಆಕಾರ ಯಾಕೆ ಎಂದು ಕೇಳಿಸಿದೆ. ಯಜಮಾನಿ ಕೂತವರ ಕಡೆ ಕೈ ತೋರಿಸಿ ಹೇಳಿದ್ದನ್ನು ಮೊಬೈಲು ಹೀಗೆ ಒಪ್ಪಿಸಿತು: ‘ಇವರಲ್ಲಿ ಅರ್ಧ ಜನ ನಾಳೆ ಮೀನು ತಿನ್ನುವವರು. ಇವತ್ತು ಬಿಟ್ಟಿದ್ದಾರೆ. ಅವರಿಗೆ ಬೇಜಾರಾಗಬಾರದು.’

ಗೆಳೆಯ ಒಂದು ತುಂಡು ಮುರಿದು ಬಾಯಿಗಿಟ್ಟ. ‘ಪರವಾಗಿಲ್ಲ ಅಕ್ಕಾ, ಮೀನಿನ ವಾಸನೇನೇ ಇದೆ. ಮುಳ್ಳಿಲ್ಲ, ಅಷ್ಟೆ’ ಎಂದ. ಇದು ಅವಳಿಗೆ ನೀಡಿದ ಸಮಾಧಾನವೋ ಏನೋ ತಿಳಿಯದು; ಅವಳು ಕೂತಳು, ಮೀನು ಮುಟ್ಟಲಿಲ್ಲ.

ಮೂವತ್ತು ವರ್ಷ ಜನ್ನನ ಯಶೋಧರ ಚರಿತೆಯನ್ನು ಪಾಠ ಮಾಡಿದವನಿಗೆ ಆ ಕುಡಿಕೆಯ ಮುಂದೆ ಬೇರೇನು ನೆನಪಾದೀತು? ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ೧೨೦೯ರಲ್ಲಿ ಬರೆದ ಕಾವ್ಯ. ಯಶೋಧರ ರಾಜನ ರಾಣಿ ಅಮೃತಮತಿ ವಿಕಾರರೂಪಿಯಾದ ಮಾವುತನೊಬ್ಬನ ಹಾಡಿಗೆ ಮರುಳಾಗುತ್ತಾಳೆ. ಅದನ್ನು ಕಣ್ಣಾರೆ ಕಂಡ ರಾಜ ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ತಾಯಿ ಶಾಂತಿಗಾಗಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಪ್ರಾಣಿಯನ್ನು ಕೊಲ್ಲಲಾರೆ ಎಂದು ಮಗ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಹಿಟ್ಟಿನ ಕೋಳಿ. ರಾಜ ಕತ್ತಿ ಬೀಸುತ್ತಾನೆ, ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಅಷ್ಟಕ್ಕೆ ತಾಯಿಮಕ್ಕಳಿಬ್ಬರೂ ನವಿಲು ನಾಯಿಗಳಿಂದ ಹಿಡಿದು ಕೋಳಿಯ ಜನ್ಮದ ತನಕ ಎಷ್ಟೋ ಹುಟ್ಟುಗಳಲ್ಲಿ ಬೇಯುತ್ತಾರೆ. ಜೈನರಲ್ಲಿ ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡು ಬಗೆ. ಕೈ ಮಾಡಿದ್ದು ಒಂದು, ಮನಸ್ಸು ಮಾಡಿದ್ದು ಇನ್ನೊಂದು. ಹಿಟ್ಟಿಗೆ ನೋವಾಗಲಿಲ್ಲ, ಸಂಕಲ್ಪ ಮಾತ್ರ ಕೊಂದಿತು.

ಈ ಭಾಗ ಪಾಠ ಮಾಡುವಾಗ ಪ್ರತಿವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳುತ್ತಿದ್ದರು: ‘ಸಾರ್, ಹಿಟ್ಟಿನ ಕೋಳಿಗೇ ಇಷ್ಟು ಜನ್ಮ ಆದರೆ ಭಾನುವಾರದ ಕೋಳಿಗೆ ಎಷ್ಟು?’ ತರಗತಿ ನಗುತ್ತಿತ್ತು. ನಕ್ಕವರಲ್ಲಿ ಹೆಚ್ಚಿನವರು ಭಾನುವಾರದ ಕೋಳಿಯ ಮನೆಯವರೇ. ಪಠ್ಯಪುಸ್ತಕದ ಹಿಂದಿನ ಪ್ರಶ್ನೆಗಳಲ್ಲಿ ಇದು ಇರಲಿಲ್ಲ.

ಹಿಟ್ಟಿನ ಉಪಾಯ ನಮ್ಮೊಬ್ಬರದೇ ಅಲ್ಲ. ಚೀನಾದ ಲಿಯಾಂಗ್ ವಂಶದ ವೂ ಚಕ್ರವರ್ತಿ ಬುದ್ಧನಿಗೆ ಶರಣಾದವನು. ಬುದ್ಧ ತನ್ನ ಭಿಕ್ಷುಗಳಿಗೆ, ತಮಗಾಗಿ ಕೊಂದದ್ದನ್ನು ನೋಡದೆ, ಕೇಳದೆ, ಹಾಗೆಂದು ಸಂಶಯಪಡದೆ ಇದ್ದರೆ ಭಿಕ್ಷೆಯಲ್ಲಿ ಬಿದ್ದ ಮಾಂಸವನ್ನು ಉಣ್ಣಬಹುದು ಎಂದಿದ್ದ. ವೂ ಅದನ್ನೂ ಬಿಗಿಮಾಡಿ ತನ್ನ ನಾಡಿನ ಭಿಕ್ಷುಗಳಿಗೆ ಮಾಂಸವೇ ಕೂಡದು ಎಂದ. ೫೧೭ರಲ್ಲಿ ಪಿತೃಗಳ ಗುಡಿಯಲ್ಲಿ ಕೊಡುತ್ತಿದ್ದ ಬಲಿಪ್ರಾಣಿಗಳ ಬದಲು ಹಿಟ್ಟಿನ ಪ್ರಾಣಿಗಳನ್ನು ಇಡಲು ಅಪ್ಪಣೆ ಮಾಡಿದ. ಜನ್ನನಿಗೆ ಸುಮಾರು ಏಳುನೂರು ವರ್ಷ ಮೊದಲು. ಚೀನಾದ ಆ ಮಹಾಯಾನ ಸಂಪ್ರದಾಯವೇ ವಿಯೆಟ್ನಾಮಿನ ಮಠಗಳದ್ದೂ. ಹಾಗೆ ನೋಡಿದರೆ ಕುಡಿಕೆಯಲ್ಲಿದ್ದ ಮೀನು ಬಹಳ ದೊಡ್ಡ ಮನೆತನದ್ದು. ಇತ್ತ ಜನ್ನನ ಶತಮಾನದಲ್ಲೇ, ನಮ್ಮ ಕರಾವಳಿಯಲ್ಲಿ, ಮಧ್ವರ ಪರಂಪರೆ ಯಜ್ಞಕ್ಕೆ ಪಿಷ್ಟಪಶುವನ್ನು, ಅಂದರೆ ಹಿಟ್ಟಿನ ಪಶುವನ್ನು ಒಪ್ಪಿತು. ಒಂದೇ ನಾಡು, ಒಂದೇ ಹಿಟ್ಟು. ಒಬ್ಬರಿಗೆ ಅದು ಹಿಂಸೆಯ ಬೀಜ, ಇನ್ನೊಬ್ಬರಿಗೆ ಹಿಂಸೆಯ ಪರಿಹಾರ. ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ ಬಸ್ಸಿನ ಮುಂದೆ ಒಡೆಯುತ್ತೇವಲ್ಲ, ಆ ಕೆಂಪು ಯಾವುದರ ಕೆಂಪು ಎಂದು ಯಾರೂ ಕೇಳುವುದಿಲ್ಲ.

ಗೆಳೆಯ ಈ ಕೊನೆಯ ಮಾತನ್ನು ಹಿಡಿದುಕೊಂಡ. ‘ಅಕ್ಕಾ, ಸಂಕ್ರಾಂತಿಗೆ ನೀವು ಕೊಡೋ ಸಕ್ಕರೆ ಅಚ್ಚಿನಲ್ಲಿ ಗಿಳಿ ಇರುತ್ತೆ, ಆನೆ ಇರುತ್ತೆ. ನಾನು ವರ್ಷಾ ವರ್ಷಾ ಆ ಗಿಳಿಯ ಕತ್ತು ಕಚ್ಚೋನು. ಅದಕ್ಕೇನಂತೀರಿ?’

ಸಕ್ಕರೆ ಅಚ್ಚು ಹುಯ್ಯುವುದರಲ್ಲಿ ನಮ್ಮಾಕೆಗೆ ಬೀದಿಯಲ್ಲೇ ಹೆಸರು. ಅವಳು ಯೋಚಿಸಲಿಲ್ಲ, ಉತ್ತರ ಸಿದ್ಧವಾಗಿತ್ತು. ‘ಗಿಳೀನ ಯಾರೂ ಕೊಂದು ತಿನ್ನೋದಿಲ್ಲವಲ್ಲಣ್ಣ. ಅದಕ್ಕೇ ಅದು ಬರೀ ಸಕ್ಕರೆ. ಮೀನನ್ನ ತಿಂತಾರೆ, ಅದಕ್ಕೇ ಇದು ಬರೀ ಸೋಯಾ ಅಲ್ಲ.’

ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸಿತು. ಆಕಾರದಲ್ಲಿ ಪಾಪವಿಲ್ಲ, ಆಕಾರ ಯಾವ ಕೃತ್ಯವನ್ನು ನೆನಪಿಗೆ ತರುತ್ತದೆಯೋ ಅಲ್ಲಿದೆ ಎಂದಾಯಿತು. ಜನ್ನನೂ ಇಷ್ಟು ಚೊಕ್ಕಟವಾಗಿ ಹೇಳಿಲ್ಲ. ಆದರೆ ಅವಳ ಮಾತನ್ನೇ ಹಿಡಿದು ಹೋದರೆ ಇನ್ನೊಂದು ತೊಡಕು. ನೆನಪು ಇದ್ದವನಿಗಲ್ಲವೇ ನೆನಪಾಗುವುದು? ಗೆಳೆಯನ ನಾಲಿಗೆಗೆ ಆ ಕುಡಿಕೆ ಊರ ಕೆರೆಯ ಮೀನನ್ನು ನೆನಪಿಸಿರಬಹುದು. ನಾನೂ ಒಂದು ತುಂಡು ತಿಂದೆ. ಮೆಣಸು, ಸಿಹಿ, ಸ್ವಲ್ಪ ಸಮುದ್ರದ ಗಾಳಿಯ ವಾಸನೆ; ನನ್ನ ನಾಲಿಗೆಗೆ ಅದು ಏನನ್ನೂ ನೆನಪಿಸಲಿಲ್ಲ. ಮೂಲವನ್ನೇ ಅರಿಯದವನ ಬಾಯಲ್ಲಿ ಅನುಕರಣೆ ಏನನ್ನು ಅನುಕರಿಸಬೇಕು?

ಯಶೋಧರನಿಗೂ ಹುವೆಯ ಯಜಮಾನಿಗೂ ನಡುವೆ ಇರುವ ಅಂತರ ಹಿಟ್ಟಿನದಲ್ಲ, ಸೋಯಾದ್ದಲ್ಲ. ರಾಜನಿಗೆ ಕೊಂದ ಫಲ ಬೇಕಿತ್ತು, ಕೊಂದ ಪಾಪ ಬೇಡವಾಗಿತ್ತು. ದೇವಿ ಆ ಹಿಟ್ಟನ್ನು ಕೋಳಿಯೆಂದೇ ಸ್ವೀಕರಿಸಬೇಕು ಎಂಬುದು ಅವನ ಬೇಡಿಕೆ. ಯಜಮಾನಿಯ ಮೇಜಿನ ಮುಂದೆ ಕೂತ ರಿಕ್ಷಾದವನಿಗೂ ಮೀನಿನ ರುಚಿ ಬೇಕು, ಪಾಪ ಬೇಡ, ಅದೂ ಇದೇ ಅಲ್ಲವೇ ಎಂದು ನಮ್ಮಾಕೆ ಕೇಳುತ್ತಾಳೆ. ನನಗೆ ಹಾಗೆ ಕಾಣುವುದಿಲ್ಲ. ಮೀನು ತಿನ್ನಬೇಕೆನ್ನುವವನಿಗೆ ಮೀನಿನ ಸಾವು ಬೇಕಿಲ್ಲ. ಸಾಯಿಸದೆ ಅದೇ ರುಚಿ ಸಿಗುವುದಾದರೆ ಅವನು ಸಂತೋಷದಿಂದ ತೆಗೆದುಕೊಳ್ಳುತ್ತಾನೆ, ಅಲ್ಲಿ ಆ ಮಧ್ಯಾಹ್ನ ತೆಗೆದುಕೊಳ್ಳುತ್ತಲೇ ಇದ್ದ. ಬಲಿ ಕೊಡುವವನಿಗೆ ಬೇಕಾದದ್ದು ಸಾವೇ. ಸಾವಿಲ್ಲದ ಬಲಿ ಅವನಿಗೆ ಬಲಿಯೇ ಅಲ್ಲ. ಹಿಟ್ಟಿನ ಕೋಳಿ ಕೂಗಿದ್ದು ಅದಕ್ಕೆ. ಸೋಯಾ ಮೀನು ಕುಡಿಕೆಯಲ್ಲಿ ತೆಪ್ಪಗೆ ಮಲಗಿದ್ದುದೂ ಅದಕ್ಕೆ ಎಂದು ಹೇಳಬಹುದೇನೋ. ನಮ್ಮಾಕೆ ಇದನ್ನು ಒಪ್ಪಿಲ್ಲ, ಇವತ್ತಿಗೂ.

ನನ್ನನ್ನು ಕಾಡಿದ್ದು ಇದಲ್ಲ, ಇದರ ಬೆನ್ನಿಗೆ ಬರುವ ಪ್ರಶ್ನೆ. ಸಂಕಲ್ಪವೇ ಹಿಂಸೆಯಾಗುವುದಾದರೆ ಅಹಿಂಸೆಗೂ ಸಂಕಲ್ಪ ಬೇಕು. ನಾನು ಯಾವ ದಿನ ಸಂಕಲ್ಪ ಮಾಡಿದ್ದೆ? ನಾನು ಮಾಂಸ ಬಿಟ್ಟವನಲ್ಲ. ಬಿಡಬೇಕಾದರೆ ಮೊದಲು ಬೇಕೆನ್ನಿಸಬೇಕು. ನನಗೆ ಕೋಳಿ ಸಾರಿನ ವಾಸನೆ ಬಂದರೆ ಮನಸ್ಸು ಎಳೆಯುವುದಿಲ್ಲ, ಹೊಟ್ಟೆ ತೊಳಸುತ್ತದೆ. ಇದರಲ್ಲಿ ಕರುಣೆಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು? ಹಸು ಹುಲ್ಲು ತಿನ್ನುವುದಕ್ಕೆ ಯಾರೂ ವ್ರತ ಎನ್ನುವುದಿಲ್ಲ. ಆ ಮೇಜಿಗೆ ಕೂತ ರಿಕ್ಷಾದವನು ತಿಂಗಳಿಗೆ ಎರಡು ದಿನ ತನ್ನ ನಾಲಿಗೆಯನ್ನು ತಾನೇ ಕೈಯಾರೆ ತಡೆದು ಕೂರುತ್ತಾನೆ. ನನ್ನ ಮುನ್ನೂರ ಅರವತ್ತೈದು ದಿನಗಳನ್ನು ತಕ್ಕಡಿಯ ಇನ್ನೊಂದು ಕಡೆ ಇಟ್ಟರೆ ಯಾವುದು ತೂಗೀತು? ಪ್ರಾಣಿಯ ಕಡೆಯಿಂದ ಲೆಕ್ಕ ಹಾಕಿದರೆ ನನ್ನದೇ ಮೇಲು, ನನ್ನಿಂದ ಒಂದು ಕೋಳಿಯೂ ಸತ್ತಿಲ್ಲ. ಕೋಳಿಗೆ ನನ್ನ ಸಂಕಲ್ಪ ಕಟ್ಟಿಕೊಂಡು ಏನಾಗಬೇಕು? ಆದರೆ ಧರ್ಮದ ಲೆಕ್ಕ ಎಂದು ಹೇಳಿಕೊಂಡು ಎದೆ ಉಬ್ಬಿಸುವವನು ಕೋಳಿಯ ಕಡೆಯ ಲೆಕ್ಕ ತೋರಿಸುವ ಹಾಗಿಲ್ಲ.

ಎದೆ ಉಬ್ಬಿಸುವ ಮಾತು ಸುಮ್ಮನೆ ಬರಲಿಲ್ಲ. ಅಂದು ಸಂಜೆ ನಾಲ್ವರೂ ನದಿಯ ದಂಡೆಯಲ್ಲಿ ಕೂತಿದ್ದೆವು. ಹುಣ್ಣಿಮೆಯ ಚಂದ್ರ ಏರುತ್ತಿದ್ದ. ಗೆಳೆಯ, ಮೂವತ್ತು ವರ್ಷದ ಒಡನಾಟದಲ್ಲಿ ಎಂದೂ ಹೇಳದ ಒಂದು ಸಂಗತಿ ಹೇಳಿದ. ಅವನಿಗೆ ಕೆಲಸ ಸಿಕ್ಕ ಹೊಸದು. ಮೈಸೂರಿನ ಒಂದು ಬಡಾವಣೆಯಲ್ಲಿ ಬಾಡಿಗೆ ಮನೆ ನೋಡಲು ತಾಯಿಯನ್ನು ಕರೆದುಕೊಂಡು ಹೋಗಿದ್ದ. ಮನೆ ತೋರಿಸಿದರು, ಬಾಡಿಗೆಯ ಮಾತಾಯಿತು, ಕುಡಿಯಲು ನೀರೂ ಕೊಟ್ಟರು. ಆಮೇಲೆ, ‘ನೀವು ವೆಜಿಟೇರಿಯನ್ನೇ ತಾನೆ?’ ಎಂದು ಯಜಮಾನರು ಕೇಳಿದರು. ಇವನು ಇಲ್ಲ ಎಂದ. ಮನೆ ಬೇರೆಯವರಿಗೆ ಮಾತಾಗಿದೆ ಎಂಬುದು ಆಗ ಅವರಿಗೆ ನೆನಪಾಯಿತು.

‘ಅದಕ್ಕೆ ಬೇಜಾರಿಲ್ಲ ಕಣಯ್ಯಾ, ಅವರ ಮನೆ, ಅವರಿಷ್ಟ ಅನ್ನು’ ಎಂದ. ‘ಆದರೆ ಅದು ಶ್ರಾವಣ. ನಮ್ಮವ್ವ ಶ್ರಾವಣ ಪೂರ್ತಿ ಮನೇಲಿ ಬಾಡು ಬೇಯಿಸ್ತಿರಲಿಲ್ಲ. ಶ್ರಾವಣದ ಮುಂಚೆ ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕಿ, ಒಲೆ ಸಾರಿಸಿ ಇಡೋಳು. ಸೋಮವಾರ ಇಲ್ಲ, ಶನಿವಾರ ಇಲ್ಲ. ಲೆಕ್ಕ ಹಾಕಿದರೆ ವರ್ಷದಲ್ಲಿ ನೂರು ದಿನದ ಮೇಲಾಗುತ್ತೆ. ಬಾಗಿಲಲ್ಲಿ ನಿಂತು ನಮ್ಮವ್ವ ಕೇಳಿದ್ಲು, ಇವರು ಯಾವಾಗ ಏನನ್ನ ಬಿಡ್ತಾರಪ್ಪ ಅಂತ.’

ಆ ತಾಯಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಾವು ಏಕಾದಶಿಯಂದು ಅನ್ನ ಬಿಟ್ಟು ಉಪ್ಪಿಟ್ಟು ತಿನ್ನುವವರು. ಆ ಮನೆಯ ಯಜಮಾನರು ಕೇಳಿದ್ದು ಊಟದ ಪ್ರಶ್ನೆಯೇ ಅಲ್ಲ ಎಂಬುದು ಗೆಳೆಯನಿಗೂ ಗೊತ್ತು, ನನಗೂ ಗೊತ್ತು. ಬೇರೊಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ನಾಚಿಕೆಯಾದ ಕಾಲದಲ್ಲಿ ನಮ್ಮ ನಗರಗಳು ಕಂಡುಕೊಂಡ ಮರ್ಯಾದೆಯ ಮಾತು ಅದು. ಇವತ್ತಿಗೂ ‘ಮನೆ ಬಾಡಿಗೆಗಿದೆ’ ಎಂಬ ಹಲಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಓದಬಹುದು. ಕರುಣೆಯಿಂದ ಹುಟ್ಟಿದ ಒಂದು ನೇಮ, ಬಾಗಿಲಿಗೆ ಬಂದ ಮನುಷ್ಯನನ್ನು ವಾಪಸು ಕಳಿಸುವ ಚಿಲಕವಾಗುವುದು ಹೇಗೆ ಎಂದು ಯೋಚಿಸುವಾಗ ನನಗೆ ಹುವೆಯ ಆ ಉದ್ದ ಮೇಜು ಕಣ್ಣಿಗೆ ಬರುತ್ತದೆ. ಅಲ್ಲಿ ಚಾಯ್ ಎಂಬ ಹಲಗೆ ಯಾರನ್ನೂ ಹೊರಗೆ ನಿಲ್ಲಿಸಿರಲಿಲ್ಲ. ನಾಳೆ ಮೀನು ತಿನ್ನುವವನಿಗೆ ಬೇಜಾರಾಗಬಾರದು ಎಂದು ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಸೋಯಾ ಕೆನೆಯನ್ನು ಮಡಿಸುತ್ತ ಕೂತಿದ್ದರು. ನಮ್ಮಲ್ಲಿ ಮಾಂಸ ಬಿಟ್ಟ ದಿನ ಗೆಳೆಯನ ತಾಯಿಯ ಬೇಜಾರನ್ನು ಯಾರು ನೋಡಿದರು?

ವಿಯೆಟ್ನಾಮಿನಲ್ಲಿ ಒಂದು ಗಾದೆಯಿದೆ. ಚಾಯ್ ಉಂಡು ಸುಳ್ಳು ಹೇಳುವುದಕ್ಕಿಂತ ಮನ್ ಉಂಡು ನಿಜ ಹೇಳುವುದು ಮೇಲು ಎಂದು ಅದರ ತಾತ್ಪರ್ಯ. ಅಲ್ಲಿಯೂ ಚಾಯ್ ಉಂಡು ಸುಳ್ಳು ಹೇಳುವವರು ಸಾಕಷ್ಟಿದ್ದಿರಬೇಕು, ಇಲ್ಲದಿದ್ದರೆ ಗಾದೆ ಹುಟ್ಟುತ್ತಿರಲಿಲ್ಲ. ಆ ದೇಶವನ್ನು ಎತ್ತಿ ಮೆರೆಸಬೇಕಾದ ಅಗತ್ಯವಿಲ್ಲ. ನಮ್ಮ ಪುರಾಣ ಮತ್ತು ಬದನೆಕಾಯಿಯ ಗಾದೆಗೆ ಇದು ಒಡಹುಟ್ಟಿದ್ದು ಎಂದು ಗೆಳೆಯನಿಗೆ ಹೇಳಿದೆ. ‘ಬದನೆಕಾಯಿ ಗಾದೆ ಮಾಡಿದೋರು ಯಾರು ಗೊತ್ತಾಗುತ್ತೆ ಬಿಡು, ಮಾಂಸ ತಿನ್ನೋರು ಬದನೆಕಾಯಿಗೆ ಯಾಕೆ ಅಷ್ಟು ಆಸೆಪಡ್ತಾರೆ’ ಎಂದು ನಕ್ಕ.

ಹುವೆ ಬಿಡುವ ಮುನ್ನ ಹೆಂಗಸರಿಬ್ಬರೂ ದೋಂಗ್ ಬಾ ಮಾರುಕಟ್ಟೆಗೆ ಹೋಗಿ ಬಂದರು. ಟೋಪಿ, ಬೀಸಣಿಗೆ, ಎಳ್ಳಿನ ಮಿಠಾಯಿಯ ಜೊತೆಗೆ ನಮ್ಮಾಕೆಯ ಚೀಲದಲ್ಲಿ ಒಣಗಿಸಿದ ಸೋಯಾ ಕೆನೆಯ ಒಂದು ಕಟ್ಟು ಇತ್ತು. ಹಳದಿ ಹಾಳೆಗಳು, ಮಡಿಸಿದ ಹಳೆಯ ಕಾಗದದ ಹಾಗೆ. ನಾನು ಏನೂ ಕೇಳದೆ ಅದನ್ನೇ ನೋಡುತ್ತಿದ್ದುದನ್ನು ಕಂಡು, ‘ಹುಳೀಗೆ ಹಾಕಿದರೆ ಹೇಗಿರುತ್ತೋ ನೋಡೋಣ ಅಂತ’ ಎಂದಳು.